ಗಾಜಿನ ಹಿಂದಿನ ಬಂಗಾರ

ರಾತ್ರಿ ಒಂಬತ್ತರ ಹೊತ್ತಿಗೆ ಮಂಗಳೂರಿನ ಹಂಪನಕಟ್ಟೆಯಿಂದ ರಥಬೀದಿಯ ಕಡೆಗೋ ಕಂಕನಾಡಿಯ ಕಡೆಗೋ ನಡೆದು ಹೋಗುವವರು ಒಂದು ದೃಶ್ಯವನ್ನು ಕಂಡಿರಬಹುದು. ಬಾಗಿಲು ಹಾಕಿದ ಆಭರಣದಂಗಡಿಯ ಗಾಜಿನ ಕಿಟಕಿಯಲ್ಲಿ ದೀಪ ಇನ್ನೂ ಉರಿಯುತ್ತಿರುತ್ತದೆ. ಆದರೆ ಸಂಜೆಯವರೆಗೆ ಸರ, ಅಡ್ಡಿಗೆ, ಬಳೆಗಳಿಂದ ತುಂಬಿದ್ದ ಜಾಗದಲ್ಲಿ ಈಗ ಬರೀ ಬೋಳು ಕತ್ತುಗಳು! ಮಖಮಲ್ಲು ಹೊದಿಸಿದ, ತಲೆಯೂ ಇಲ್ಲದ ಕೈಯೂ ಇಲ್ಲದ ಕತ್ತುಗಳು ರಸ್ತೆಯನ್ನೇ ನೋಡುತ್ತ ಸಾಲಾಗಿ ನಿಂತಿರುತ್ತವೆ. ಬಂಗಾರವೆಲ್ಲ ಒಳಗಿನ ಉಕ್ಕಿನ ಕೋಣೆ ಸೇರಿರುತ್ತದೆ.

ಕಳ್ಳರ ಭಯವಂತೂ ಸರಿಯೇ. ಅದರ ಜೊತೆಗೆ, ರಾತ್ರಿ ಕಿಟಕಿಯಲ್ಲಿ ಬಿಟ್ಟ ಮಾಲಿಗೆ ವಿಮಾ ಕಂಪೆನಿಗಳು ಸಾಮಾನ್ಯವಾಗಿ ಹೊಣೆ ಹೊರುವುದಿಲ್ಲ. ಹಾಗಾಗಿ ದಿನವೂ ಸಂಜೆ ಕಳಚುವುದು, ಮರುದಿನ ಬೆಳಿಗ್ಗೆ ಮತ್ತೆ ತೊಡಿಸುವುದು. ದೇವರಿಗೆ ಅಲಂಕಾರ ಮಾಡಿದ ಹಾಗೆ ಎಂದರೆ ತಪ್ಪಾಗಲಾರದು. ಯಾವ ಸರ ಯಾವ ಕತ್ತಿಗೆ, ಯಾವ ಓಲೆ ಯಾವ ದೀಪದ ಕೆಳಗೆ ಎಂಬುದಕ್ಕೆಲ್ಲ ಒಂದು ಲೆಕ್ಕಾಚಾರವಿದೆ. ಒಳಗೆ ಕಾಲಿಟ್ಟ ಗಿರಾಕಿ ಆ ಲೆಕ್ಕವನ್ನು ಗಮನಿಸುವುದಿಲ್ಲ. ಗಮನಿಸಬಾರದು ಎಂಬುದೇ ಅದನ್ನು ಮಾಡಿದವರ ಉದ್ದೇಶ.

ಚಿನ್ನದ ಬೆಲೆ ಮಧ್ಯಮ ವರ್ಗದವರ ಕೈಗೆಟುಕದಷ್ಟು ಎತ್ತರಕ್ಕೆ ಏರಿರುವ ಈ ಕಾಲದಲ್ಲಿ, ಮಗಳ ಮದುವೆಗೆಂದು ಹತ್ತು ಪವನು ಮಾಡಿಸಲು ಹೊರಟ ಮನೆಯವರು ಈ ಲೆಕ್ಕಾಚಾರವನ್ನು ಸ್ವಲ್ಪವಾದರೂ ತಿಳಿದಿರುವುದು ಒಳ್ಳೆಯದು.

ಮಾಣಿಕ್ಯದ ಕಣ್ಣು

ಆಭರಣವನ್ನು ತೆರೆದಿಟ್ಟು ತೋರಿಸುವುದು ನಿನ್ನೆ ಮೊನ್ನೆ ಹುಟ್ಟಿದ ಸಂಗತಿಯೇನಲ್ಲ. 1443ರಲ್ಲಿ ಹೆರಾತ್‌ನ ದೊರೆ ಶಾರುಖ್‌ನ ರಾಯಭಾರಿ ಅಬ್ದುಲ್ ರಜಾಕ್ ಕಲ್ಲಿಕೋಟೆಯಿಂದ ಹಡಗಿನಲ್ಲಿ ಮಂಗಳೂರಿಗೆ ಬಂದು, ಇಲ್ಲಿಂದ ಘಟ್ಟ ಹತ್ತಿ ವಿಜಯನಗರಕ್ಕೆ ಹೋದ. ಆಗ ಅಲ್ಲಿ ಇಮ್ಮಡಿ ದೇವರಾಯ ಆಳುತ್ತಿದ್ದ. ರಾಜಧಾನಿಯ ಪೇಟೆಯಲ್ಲಿ ರತ್ನಪಡಿ ವ್ಯಾಪಾರಿಗಳು ಮಾಣಿಕ್ಯ, ಮುತ್ತು, ವಜ್ರ, ಪಚ್ಚೆಗಳನ್ನು ಬಹಿರಂಗವಾಗಿ ಮಾರುತ್ತಿದ್ದುದನ್ನು ಆತ ಬರೆದಿಟ್ಟಿದ್ದಾನೆ. ಹಂಪಿಯ ಬೀದಿಯಲ್ಲಿ ಮುತ್ತುರತ್ನ ರಾಶಿ ಹಾಕಿ ಅಳೆಯುತ್ತಿದ್ದರು ಎಂದು ನಮ್ಮ ಶಾಲಾ ಪುಸ್ತಕಗಳು ಹೇಳುವ ಮಾತಿಗೆ ಇಂಥ ವಿದೇಶಿಯರ ಬರಹಗಳೇ ಮೂಲ.

ಆದರೆ ಅದಕ್ಕಿಂತ ಸ್ವಾರಸ್ಯಕರವಾದದ್ದು ಆತ ಮಂಗಳೂರಿನ ಆಸುಪಾಸಿನಲ್ಲೇ ಕಂಡದ್ದು. ಇಲ್ಲಿಂದ ಮೂರು ಫರಸಂಗ್ ದೂರದಲ್ಲಿ ಎರಕದ ಲೋಹದ ದೇಗುಲವೊಂದಿತ್ತಂತೆ. ಅದರ ಮುಂಭಾಗದಲ್ಲಿ ಆಳೆತ್ತರದ ಚಿನ್ನದ ವಿಗ್ರಹ. ಅದರ ಕಣ್ಣುಗಳಿಗೆ ಎರಡು ಮಾಣಿಕ್ಯ. ಎಷ್ಟು ಜಾಣ್ಮೆಯಿಂದ ಕೂಡಿಸಿದ್ದರೆಂದರೆ ವಿಗ್ರಹ ನಮ್ಮನ್ನೇ ನೋಡುತ್ತಿದೆಯೇನೋ ಎನಿಸುತ್ತಿತ್ತು ಎಂಬರ್ಥದಲ್ಲಿ ಆತ ಬರೆಯುತ್ತಾನೆ.

ಹೀಗೆ ಒಂದೇ ಪ್ರವಾಸದಲ್ಲಿ ಆತನಿಗೆ ಎರಡು ಬಗೆಯ ಪ್ರದರ್ಶನ ಕಂಡಿತು. ಒಂದು ಪೇಟೆಯದು, ಹಗಲು ಬೆಳಕಿನಲ್ಲಿ, ಕೈಗೆಟುಕುವಂತೆ, ರಾಶಿಯಾಗಿ. ಇನ್ನೊಂದು ದೇಗುಲದ್ದು, ದೂರದಲ್ಲಿ, ಚೌಕಟ್ಟಿನೊಳಗೆ, ಕಣ್ಣನ್ನು ಸೆಳೆದು ಹಿಡಿಯುವಂತೆ. ಉಡುಪಿಯಲ್ಲಿ ಕೃಷ್ಣನನ್ನು ನವಗ್ರಹ ಕಿಂಡಿಯ ಒಂಬತ್ತು ರಂಧ್ರಗಳ ಮೂಲಕ ನೋಡಿದವರಿಗೆ ಈ ಎರಡನೆಯ ಬಗೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಸುತ್ತ ಕತ್ತಲು, ನಡುವೆ ಎಣ್ಣೆದೀಪ, ಮುಂದೆ ಬೆಳ್ಳಿಯ ಕಟ್ಟು ಹಾಕಿದ ಕಿಂಡಿ, ಅದರಾಚೆ ವಜ್ರಕವಚದ ಅಲಂಕಾರ. ಭಕ್ತನಿಗೆ ಸಿಗುವುದು ಕೆಲವೇ ಕ್ಷಣ. ಇಂದಿನ ದುಬಾರಿ ಆಭರಣ ಮಳಿಗೆಗಳು ಬಳಸುವ ಉಪಾಯಗಳಲ್ಲಿ ಮುಕ್ಕಾಲು ಪಾಲು ಇಲ್ಲೇ ಇವೆ. ದೈವಗಳ ಚಿನ್ನ ಬೆಳ್ಳಿಯ ಭಂಡಾರವೂ ಅಷ್ಟೆ. ವರ್ಷವಿಡೀ ಭಂಡಾರದ ಮನೆಯಲ್ಲಿ ಮುಚ್ಚಿಟ್ಟದ್ದು ನೇಮದ ದಿನ ಮೆರವಣಿಗೆಯಲ್ಲಿ ಹೊರಡುತ್ತದೆ. ಮುಚ್ಚಿಟ್ಟಷ್ಟೂ ತೆರೆದಾಗಿನ ಬೆರಗು ಹೆಚ್ಚು ಎಂಬುದು ಕರಾವಳಿಯವರಿಗೆ ಹೊಸ ಪಾಠವಲ್ಲ.

ಜಗಲಿಯಿಂದ ಶೋರೂಮಿಗೆ

ಹೀಗಿದ್ದರೂ ನಮ್ಮ ಅಜ್ಜಿಯಂದಿರು ಚಿನ್ನ ಮಾಡಿಸಿಕೊಂಡದ್ದು ಇದಾವುದನ್ನೂ ನೋಡಿ ಅಲ್ಲ. ಅವರಿಗೆ ಸಿದ್ಧ ಆಭರಣವೆಂಬುದೇ ಅಪರೂಪ. ಹಳೆಯ ಚಿನ್ನವನ್ನೋ ಪವನನ್ನೋ ಅಕ್ಕಸಾಲಿಗರಿಗೆ ಕೊಟ್ಟು, ಅವರ ಜಗಲಿಯಲ್ಲಿ ಕುಳಿತು, ಕರಗಿಸುವುದನ್ನೂ ಬಡಿಯುವುದನ್ನೂ ಕಣ್ಣಾರೆ ನೋಡಿ ಮಾಡಿಸುತ್ತಿದ್ದರು. ಕರಾವಳಿಯಲ್ಲಿ ಈ ಕಸುಬು ಮುಖ್ಯವಾಗಿ ವಿಶ್ವಕರ್ಮ ಸಮಾಜದ ಆಚಾರಿಗಳದ್ದು ಮತ್ತು ದೈವಜ್ಞ ಸಮಾಜದ ಶೇಟರದ್ದು. ಅಗ್ಗಿಷ್ಟಿಕೆ, ಊದುಗೊಳವೆ, ಒರೆಗಲ್ಲು, ಗಾಜಿನ ಪೆಟ್ಟಿಗೆಯೊಳಗಿನ ಚಿಕ್ಕ ತಕ್ಕಡಿ, ತೂಕಕ್ಕೆ ಗುಲಗಂಜಿ: ಇವಿಷ್ಟೇ ಅಂಗಡಿಯ ಸಾಮಗ್ರಿ. ಗಾಜು ಇದ್ದದ್ದು ತಕ್ಕಡಿಗೆ ಗಾಳಿ ತಾಗದಿರಲೆಂದು.

ಅಕ್ಕನ ಚಿನ್ನವಾದರೂ ಅಕ್ಕಸಾಲಿಗ ಬಿಡ ಎಂಬ ಗಾದೆ ಆ ಕಸುಬಿನವರಿಗೆ ಮಾಡಿದ ಅನ್ಯಾಯವೇ ಸರಿ. ಆದರೂ ಗಿರಾಕಿ ಜಗಲಿ ಬಿಟ್ಟು ಏಳದಿರಲು ಕಾರಣ ಆ ಸಂಶಯವೇ. ಆಗ ನೋಟವೆಲ್ಲ ಕೆಲಸದ ಮೇಲಿತ್ತು, ವಸ್ತುವಿನ ಮೇಲಲ್ಲ. ಮುಗಿದ ಒಡವೆಯನ್ನು ಗುಲಾಬಿ ಬಣ್ಣದ ತೆಳು ಕಾಗದದಲ್ಲಿ ಮಡಚಿ ಕೊಡುತ್ತಿದ್ದರು. ಇಂದಿಗೂ ಆ ಕಾಗದ ಹೋಗಿಲ್ಲ. ಅದರ ಕಡುಗೆಂಪು ಛಾಯೆಯ ಮೇಲೆ ಹಳದಿ ಲೋಹ ಇನ್ನಷ್ಟು ಮಿಂಚುತ್ತದೆ. ನಮ್ಮ ಪೇಟೆಯ ಅತಿ ಅಗ್ಗದ ಪ್ರದರ್ಶನ ಸಾಧನ ಎಂದರೆ ಅದೇ!

ಈ ಪದ್ಧತಿ ಹಿಂದೆ ಸರಿಯಲು ಹಲವು ಕಾರಣಗಳಿವೆ. ಸಿದ್ಧ ಆಭರಣವನ್ನು ಅಂಗಡಿಯಲ್ಲಿಟ್ಟು ಮಾರುವುದಕ್ಕೆ ದಕ್ಷಿಣದಲ್ಲಿ ಹೆಸರು ಮಾಡಿದವರಲ್ಲಿ ಒಬ್ಬರು ನಮ್ಮ ಕರಾವಳಿ ಮೂಲದವರೇ. ಉಡುಪಿ ಕಡೆಯಿಂದ ಕೇರಳಕ್ಕೆ ಹೋದ ಭೀಮ ಭಟ್ಟರು 1925ರಲ್ಲಿ ಆಲಪ್ಪುಳದಲ್ಲಿ ತೆರೆದ ಅಂಗಡಿಯೇ ಇಂದಿನ ಭೀಮಾ ಜ್ಯುವೆಲ್ಲರ್ಸ್. ಆರ್ಡರು ಕೊಟ್ಟು ವಾರಗಟ್ಟಲೆ ಕಾಯುವ ಬದಲು ನೋಡಿ, ಒಪ್ಪಿ, ಅಂದೇ ಕೊಂಡೊಯ್ಯುವ ಅನುಕೂಲವನ್ನು ಜನ ಮೆಚ್ಚಿಕೊಂಡರು.

ಅಕ್ಕಸಾಲಿಗರಿಗೆ ದೊಡ್ಡ ಪೆಟ್ಟು ಬಿದ್ದದ್ದು 1963ರ ಜನವರಿಯಲ್ಲಿ. ಚೀನಾ ಯುದ್ಧದ ಬೆನ್ನಿಗೆ ಆಗಿನ ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ಚಿನ್ನ ನಿಯಂತ್ರಣ ನಿಯಮಗಳನ್ನು ತಂದರು. 14 ಕ್ಯಾರೆಟ್‌ಗಿಂತ ಹೆಚ್ಚು ಶುದ್ಧತೆಯ ಆಭರಣ ಮಾಡುವಂತಿಲ್ಲ ಎಂದಾಯಿತು. 22 ಕ್ಯಾರೆಟ್ ಬಿಟ್ಟು ಬೇರೆಯದನ್ನು ಚಿನ್ನವೆಂದೇ ಒಪ್ಪದ ಜನ ಮಾಡಿಸುವುದನ್ನೇ ನಿಲ್ಲಿಸಿದರು. ದೇಶದಾದ್ಯಂತ ಸಾವಿರಾರು ಅಕ್ಕಸಾಲಿಗರ ಒಲೆ ಆರಿತು; ಆತ್ಮಹತ್ಯೆಗಳೂ ನಡೆದವು. 1966ರಲ್ಲಿ ಆ ಮಿತಿ ಸಡಿಲಗೊಂಡರೂ 1968ರ ಚಿನ್ನ ನಿಯಂತ್ರಣ ಕಾಯ್ದೆ ಅಕ್ಕಸಾಲಿಗರೂ ವ್ಯಾಪಾರಿಗಳೂ ಎಷ್ಟು ಚಿನ್ನ ಇಟ್ಟುಕೊಳ್ಳಬಹುದು ಎಂಬುದಕ್ಕೆ ಕಟ್ಟುನಿಟ್ಟಿನ ಗೆರೆ ಎಳೆಯಿತು. ಇಟ್ಟುಕೊಳ್ಳಲಿಕ್ಕೇ ಮಿತಿ ಇರುವಾಗ ಗೋಡೆ ತುಂಬ ತೂಗುಹಾಕುವ ಮಾತೆಲ್ಲಿ?

ಕಾಯ್ದೆ ರದ್ದಾದದ್ದು 1990ರಲ್ಲಿ, ಮಧು ದಂಡವತೆ ಹಣಕಾಸು ಸಚಿವರಾಗಿದ್ದಾಗ. 1992ರಲ್ಲಿ, ಹೊರದೇಶದಲ್ಲಿ ಆರು ತಿಂಗಳು ಇದ್ದು ಬರುವ ಭಾರತೀಯರು ಸುಂಕ ಕಟ್ಟಿ 5 ಕಿಲೋವರೆಗೆ ಚಿನ್ನ ತರಬಹುದು ಎಂದಾಯಿತು. ಗಲ್ಫಿನಲ್ಲಿ ದುಡಿಯುವವರಿಂದ ತುಂಬಿದ ಈ ಜಿಲ್ಲೆಗೆ ಅದರ ಅರ್ಥವೇನೆಂದು ಬೇರೆ ಹೇಳಬೇಕಿಲ್ಲ. ದುಬೈಯ ದೇರಾದ ಚಿನ್ನದ ಪೇಟೆಯಲ್ಲಿ ಕಿಟಕಿಯ ತಳದಿಂದ ತುದಿಯವರೆಗೆ ತೋರಣದಂತೆ ಕಟ್ಟಿದ ಬಂಗಾರವನ್ನು ನೋಡಿ ಬಂದ ಕಣ್ಣುಗಳಿಗೆ ಊರಿನ ಮರದ ಕಪಾಟು ಸಪ್ಪೆ ಎನಿಸಿತು. 1990ರ ದಶಕದ ನಂತರ ಕೇರಳದ ದೊಡ್ಡ ಸಂಸ್ಥೆಗಳೂ ಬಂದವು. ಊರಿನ ಹಳೆಯ ಅಂಗಡಿಗಳೂ ಗೋಡೆ ಒಡೆದು ಗಾಜು ಹಾಕಿಸಿದವು.

ಬೆಳಕೆಂಬ ಮಾರಾಟಗಾರ

ಇನ್ನು ಆ ಲೆಕ್ಕಾಚಾರಕ್ಕೆ ಬರೋಣ. ಅದರಲ್ಲಿ ಮೊದಲ ಸ್ಥಾನ ಬೆಳಕಿಗೆ. ಚಿನ್ನದ ಗುಣವೇನೆಂದರೆ ಅದು ನೀಲಿ ಬೆಳಕನ್ನು ಹೀರಿಕೊಂಡು ಕೆಂಪು, ಹಳದಿಗಳನ್ನು ಹಿಂದಿರುಗಿಸುತ್ತದೆ. ಆದುದರಿಂದ ಮೇಲೆ ಬೀಳುವ ಬೆಳಕಿನಲ್ಲಿ ಕೆಂಪು ಹಳದಿ ಹೆಚ್ಚಿದ್ದಷ್ಟೂ ಚಿನ್ನ ತುಂಬಿಕೊಂಡು ಕಾಣುತ್ತದೆ. ನೀಲಿ ಹೆಚ್ಚಾದರೆ ಬಿಳಿಚಿಕೊಳ್ಳುತ್ತದೆ. ಬೆಳಕಿನ ಈ ಬಿಸಿ ತಂಪನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಎಣ್ಣೆದೀಪದ್ದು ಸುಮಾರು 1900, ಹಳೆಯ ತಂತಿಯ ಬಲ್ಬಿನದು 2700, ಹ್ಯಾಲೋಜನ್ ದೀಪದ್ದು 3000, ನಡುಹಗಲಿನದು 5500ರಿಂದ ಮೇಲೆ. ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿ. ಗರ್ಭಗುಡಿಯ ನಂದಾದೀಪದ ಮುಂದೆ ದೇವರ ಚಿನ್ನ ಜೀವಂತವಾಗಿ ಕಾಣುವುದಕ್ಕೂ ಶೋರೂಮಿನ ಚಿನ್ನದ ವಿಭಾಗದಲ್ಲಿ 3000 ಕೆಲ್ವಿನ್ ಆಸುಪಾಸಿನ ದೀಪ ಹಾಕುವುದಕ್ಕೂ ಕಾರಣ ಒಂದೇ.

ನನ್ನ ಅಕ್ಕನ ಮದುವೆಗೆ ಬಳೆ ತಂದ ದಿನ ಮನೆಯಲ್ಲಿ ಒಂದು ಸಣ್ಣ ಗಲಾಟೆಯೇ ಆಯಿತು. ಅಂಗಡಿಯಲ್ಲಿ ಕೆಂಡದಂತಿದ್ದ ಜೋಡಿ, ಮನೆಯ ಟ್ಯೂಬ್‌ಲೈಟಿನಡಿ ತೆರೆದಾಗ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿತ್ತು! ಬದಲಾಯಿಸಿ ಕೊಟ್ಟಿದ್ದಾರೆ ಎಂದು ಅಮ್ಮ ಕಣ್ಣೀರು ಹಾಕಿದರು. ಮರುದಿನ ಬೆಳಿಗ್ಗೆ ಅಂಗಳಕ್ಕೆ ತಂದು ನೋಡಿದಾಗ ಬಣ್ಣ ಎರಡರ ನಡುವೆ ಎಲ್ಲೋ ಇತ್ತು. ತೂಕ ಸರಿಯಿತ್ತು, ಮುದ್ರೆ ಸರಿಯಿತ್ತು. ಮೋಸವೇನೂ ಆಗಿರಲಿಲ್ಲ, ದೀಪ ಮಾತ್ರ ಬೇರೆಯಾಗಿತ್ತು. ಕೊಳ್ಳುವ ಮೊದಲು ಒಡವೆಯನ್ನು ಬಾಗಿಲ ಬಳಿಯ ಹಗಲು ಬೆಳಕಿಗೆ ತರಿಸಿ ನೋಡುವುದರಲ್ಲಿ ಸಂಕೋಚ ಪಡಬೇಕಾದ್ದಿಲ್ಲ ಎಂದು ಅಂದು ಕಲಿತೆವು.

ವಜ್ರದ ಕತೆ ಇದಕ್ಕೆ ತದ್ವಿರುದ್ಧ. ಅದಕ್ಕೆ ಬೇಕಾದದ್ದು 4000 ಕೆಲ್ವಿನ್ ಮೀರಿದ ಬೆಳ್ಳನೆಯ ಬೆಳಕು. ಅದೂ ಟ್ಯೂಬ್‌ಲೈಟಿನ ಹಾಗೆ ಹರಡಿದ್ದಲ್ಲ, ಸೂಜಿಮೊನೆಯಂತೆ ಬೀಳುವ ಹಲವು ಚಿಕ್ಕ ಚುಕ್ಕಿಗಳು. ಒಳಹೊಕ್ಕ ಬೆಳಕನ್ನು ವಜ್ರ ಬೇರೆ ಯಾವ ಸಾಮಾನ್ಯ ಕಲ್ಲಿಗಿಂತಲೂ ಹೆಚ್ಚು ಬಗ್ಗಿಸುತ್ತದೆ. ಸರಿಯಾದ ಕೋನದಲ್ಲಿ ಕತ್ತರಿಸಿದ್ದರೆ ಬೆಳಕು ಒಳಗೋಡೆಗಳಿಗೆ ಬಡಿದು ಮೇಲಿನಿಂದಲೇ ಹೊರಬರುತ್ತದೆ. ಬರುವಾಗ ಕಾಮನಬಿಲ್ಲಾಗಿ ಒಡೆಯುತ್ತದೆ. ಪ್ರತಿ ಚುಕ್ಕಿ ದೀಪಕ್ಕೂ ಒಂದೊಂದು ಕಿಡಿ. ಹರಡಿದ ಬೆಳಕಿನಲ್ಲಿ ಆ ಕಿಡಿಗಳೆಲ್ಲ ಒಂದರಲ್ಲೊಂದು ಕರಗಿಹೋಗುತ್ತವೆ. ಅದಕ್ಕೇ ಒಂದೇ ಮಳಿಗೆಯಲ್ಲಿ ಚಿನ್ನದ ಕೌಂಟರಿನಿಂದ ವಜ್ರದ ಕೌಂಟರಿಗೆ ಹೋಗುವಾಗ ಸಂಜೆಯಿಂದ ಮಧ್ಯಾಹ್ನಕ್ಕೆ ನಡೆದಂತಾಗುತ್ತದೆ. ಒಂದು ಮಾತು ನೆನಪಿರಲಿ. ವಜ್ರದ ದರ್ಜೆ ನಿರ್ಧರಿಸುವ ಪ್ರಯೋಗಾಲಯಗಳು ಈ ಕಿಡಿ ಹಾರಿಸುವ ದೀಪವನ್ನು ಬಳಸುವುದಿಲ್ಲ. ಅವು ಬಣ್ಣ ನೋಡುವುದು ಹಗಲಿಗೆ ಸಮನಾದ, ಹರಡಿದ, ಶಾಂತ ಬೆಳಕಿನಲ್ಲಿ.

ಬೆಳಕು ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಲೋಕಪ್ರಸಿದ್ಧ ಉದಾಹರಣೆ ನಮ್ಮದೇ ಕೊಹಿನೂರ್. ಬ್ರಿಟಿಷರು ಅದನ್ನು ಪಂಜಾಬಿನಿಂದ ಒಯ್ದು 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಇಟ್ಟರು. ಇಡೀ ಕಟ್ಟಡವೇ ಗಾಜಿನದು, ಎಲ್ಲೆಡೆ ಹರಡಿದ ಹಗಲು. ಚಿನ್ನದ ಪಂಜರದೊಳಗೆ ಕೂತ ಕೊಹಿನೂರ್ ಮಂಕಾಗಿತ್ತು. ಸಾಲುಗಟ್ಟಿ ಬಂದ ಜನ ಇದು ಬರೀ ಗಾಜಿನ ಚೂರಲ್ಲವೇ ಎಂದು ಗೊಣಗಿಕೊಂಡು ಹೋದರು. ಸುತ್ತ ಬಟ್ಟೆ ಕಟ್ಟಿ ಕತ್ತಲು ಮಾಡಿ, ಕನ್ನಡಿ, ಗ್ಯಾಸ್ ದೀಪಗಳನ್ನಿಟ್ಟರೂ ಸಮಾಧಾನವಾಗಲಿಲ್ಲ. ಕೊನೆಗೆ 1852ರಲ್ಲಿ ಡಚ್ ಕುಶಲಕರ್ಮಿಗಳನ್ನು ಕರೆಸಿ ಕಲ್ಲನ್ನೇ ಮತ್ತೆ ಕತ್ತರಿಸಿದರು. ಸುಮಾರು 191 ಕ್ಯಾರೆಟ್ ಇದ್ದದ್ದು 105.6ಕ್ಕೆ ಇಳಿಯಿತು. ಪ್ರದರ್ಶನ ಸೋತದ್ದಕ್ಕೆ ವಜ್ರ ದಂಡ ತೆತ್ತಿತು! ನನಗನಿಸುವಂತೆ ತಪ್ಪು ಕಲ್ಲಿನದಲ್ಲ. ರಣಜಿತ್ ಸಿಂಗ್ ಅದನ್ನು ತೋಳಿಗೆ ಕಟ್ಟಿಕೊಳ್ಳುತ್ತಿದ್ದ. ತೋಳು ಆಡುತ್ತದೆ, ದೀಪದ ಕುಡಿ ಆಡುತ್ತದೆ. ಮಿಂಚು ಹುಟ್ಟುವುದು ಆ ಚಲನೆಯಲ್ಲಿ. ಪಂಜರದಲ್ಲಿ ಎರಡೂ ಇರಲಿಲ್ಲ. ಇಂದು ಕೆಲವು ಕಿಟಕಿಗಳಲ್ಲಿ ನಿಧಾನವಾಗಿ ತಿರುಗುವ ಪೀಠ ಇರುವುದು ಈ ಕೊರತೆ ತುಂಬಲೆಂದೇ.

ದೀಪದ ಬಿಸಿಯೂ ಒಂದು ಸಮಸ್ಯೆಯಾಗಿತ್ತು. 1990ರ ದಶಕದಲ್ಲಿ ಎಲ್ಲೆಲ್ಲೂ 50 ವಾಟಿನ ಪುಟ್ಟ ಹ್ಯಾಲೋಜನ್‌ಗಳು. ಕಪಾಟಿನೊಳಗೆ ಬಿಸಿ ಏರಿ ಮುತ್ತು ಒಣಗಿ ಕಾಂತಿಗೆಡುತ್ತಿತ್ತು, ಎ.ಸಿ.ಗೆ ಎರಡರಷ್ಟು ಕೆಲಸ. ಈಗಿನ ಎಲ್‌ಇಡಿ ಏಳೆಂಟು ವಾಟಿನಲ್ಲಿ ಅದೇ ಬೆಳಕು ಕೊಡುತ್ತದೆ, ಕಿರಣದಲ್ಲಿ ಬಿಸಿಯಿಲ್ಲ. ಆದರೆ ಅಗ್ಗದ ಎಲ್‌ಇಡಿಗಳಲ್ಲಿ ಕಡುಗೆಂಪು ಕಡಿಮೆ. ಅದರಡಿ ಮಾಣಿಕ್ಯ ಕಂದಿದ ರಕ್ತದ ಬಣ್ಣಕ್ಕೆ ಇಳಿಯುತ್ತದೆ. ಗಾಜಿನಲ್ಲೂ ತರಹೇವಾರಿ. ಸಾಮಾನ್ಯ ಗಾಜಿನ ಅಂಚನ್ನು ನೋಡಿದರೆ ಹಸಿರು ಕಾಣುತ್ತದಲ್ಲ, ಅದು ಗಾಜಿನಲ್ಲಿರುವ ಕಬ್ಬಿಣದ ಅಂಶ. ವಜ್ರದ ಕಪಾಟಿಗೆ ಕಬ್ಬಿಣ ಕಡಿಮೆಯಿರುವ ದುಬಾರಿ ಗಾಜನ್ನೇ ಹಾಕುವವರಿದ್ದಾರೆ.

ತುಂಬಿಸುವುದೋ, ಬಿಡುವುದೋ

ನ್ಯೂಯಾರ್ಕಿನ ಟಿಫಾನಿ ಅಂಗಡಿಯಲ್ಲಿ 1955ರಿಂದ 1994ರವರೆಗೆ ಕಿಟಕಿಗಳನ್ನು ಅಲಂಕರಿಸಿದ ಜೀನ್ ಮೂರ್ ಎಂಬಾತ ಈ ಕಲೆಯ ಗುರುವೆಂದೇ ಹೆಸರಾದವನು. ಮಣ್ಣು, ಹುರಿಹಗ್ಗ, ಮೊಟ್ಟೆ ಇಂಥ ಬಡ ವಸ್ತುಗಳ ನಡುವೆ ಒಂದೋ ಎರಡೋ ಆಭರಣ ಇಟ್ಟು ಮುಗಿಸುತ್ತಿದ್ದ. ದಾರಿಹೋಕ ನಿಂತು ಹುಡುಕಬೇಕು ಎಂಬುದು ಲೆಕ್ಕ. ಮಂಗಳೂರಿನಲ್ಲಿ ಹಾಗೆ ಮಾಡಿದರೆ ಅಂಗಡಿಯಲ್ಲಿ ಮಾಲೇ ಇಲ್ಲ ಎಂದು ಜನ ಮುಂದೆ ನಡೆದಾರು. ಇಲ್ಲಿ ತುಂಬಿರುವುದೇ ಐಶ್ವರ್ಯದ ಲಕ್ಷಣ, ಹಂಪಿಯ ರಾಶಿಯ ನೆನಪು. ಆದುದರಿಂದ ನಮ್ಮ ಮಳಿಗೆಗಳು ಎರಡನ್ನೂ ಬೆರೆಸಿವೆ: ರಸ್ತೆಗೆ ಮುಖ ಮಾಡಿದ ಕಿಟಕಿಯಲ್ಲಿ ಪೇಟೆಯ ತುಂಬು, ಒಳಮನೆಯ ವಜ್ರದ ಕೋಣೆಯಲ್ಲಿ ಗರ್ಭಗುಡಿಯ ಬಿಡುವು.

ಅದರಲ್ಲೂ ಈ ಊರಿನ ಅಂಗಡಿ ಎಲ್ಲ ಬಗೆಯ ಮದುಮಗಳಿಗೂ ಸಲ್ಲಬೇಕು. ಕರಿಮಣಿ ಸರ, ಮುಗುತಿ, ಬೆಂಡೋಲೆಗಳ ಪಕ್ಕದಲ್ಲೇ ಕೊಂಕಣಿ ಕ್ರೈಸ್ತರ ಪಿರ್ದುಕ್ ಇರಬೇಕು. ಬ್ಯಾರಿ ಹೆಂಗಸರ ಕಿವಿಯ ಸಾಲು ಅಲಿಕತ್ತ್ ಬಳಕೆಯಿಂದ ಸರಿದಿದ್ದರೂ ಅವರ ಮನೆಯ ಮದುವೆಗೆ ಒಪ್ಪುವ ಅಗಲವಾದ ಹಾರಗಳು ಬೇಕು. ಅವಕ್ಕೆಲ್ಲ ಹಿನ್ನೆಲೆಯ ಬಣ್ಣವೂ ಬೇರೆ. ಹಳದಿ ಚಿನ್ನವನ್ನು ಕಡುನೀಲಿ, ನೇರಳೆಯ ಮೇಲೆ ಇಟ್ಟರೆ ಇನ್ನೂ ಹಳದಿಯಾಗಿ ಕಾಣುತ್ತದೆ. ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಮಾರ್ಪಡಿಸುವ ಈ ಗುಟ್ಟನ್ನು ಫ್ರಾನ್ಸಿನ ಶೆವ್ರುಲ್ ಎಂಬ ರಸಾಯನಶಾಸ್ತ್ರಜ್ಞ 1839ರಲ್ಲೇ ವಿವರಿಸಿದ್ದ. ನಮ್ಮ ಗುಲಾಬಿ ಕಾಗದದವರು ಅವನನ್ನು ಓದಿರಲಾರರು.

ಕರಾವಳಿಯ ಮಳೆಗಾಲ ಬೇರೆಯೇ ಪರೀಕ್ಷೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಉಪ್ಪುಗಾಳಿ ಬೇರೆ. ಮಖಮಲ್ಲಿಗೆ ಬೂಷ್ಟು ಹಿಡಿಯುತ್ತದೆ. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿನ ಗಂಧಕದ ಅಂಶದಿಂದ. ತೇವ ಅದನ್ನು ಚುರುಕುಗೊಳಿಸುತ್ತದೆ. ಉಣ್ಣೆಯ ಬಟ್ಟೆ, ರಬ್ಬರು ಇವೂ ಗಂಧಕ ಬಿಡುತ್ತವಾದ್ದರಿಂದ ಬೆಳ್ಳಿಯ ಕಪಾಟಿನಲ್ಲಿ ಅವನ್ನು ಬಳಸಬಾರದು, ಹತ್ತಿಯ ಬಟ್ಟೆಯೇ ವಾಸಿ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಮೂಲೆಯಲ್ಲಿ ಅಡಗಿಸಿಡುತ್ತಾರೆ. ಪ್ಲೈವುಡ್ಡಿನಿಂದ ಹೊರಡುವ ಆಮ್ಲದ ಆವಿ ಮುತ್ತಿಗೆ ಆಗದು, ಏಕೆಂದರೆ ಮುತ್ತು ಮೂಲತಃ ಸುಣ್ಣದ ವಸ್ತು.

ಇನ್ನೊಂದು ಸಂಗತಿ ಗಿರಾಕಿಗಳಿಗೆ ತೋಚುವುದೇ ಇಲ್ಲ. ಉಂಗುರದ ತಟ್ಟೆಯಲ್ಲಿ ಸಾಲು ಸಾಲು ಸೀಳುಗಳಿರುತ್ತವೆ. ಪ್ರತಿ ತಟ್ಟೆಗೂ ಇಂತಿಷ್ಟೇ ಎಂಬ ಸಂಖ್ಯೆ. ಒಂದು ಉಂಗುರ ಹೊರಬಂದರೆ ಅಲ್ಲೊಂದು ಬಾಯಿ ತೆರೆದುಕೊಳ್ಳುತ್ತದೆ, ಕೌಂಟರಿನ ಹುಡುಗಿಯ ಕಣ್ಣಿಗೆ ತಟ್ಟನೆ ಬೀಳುತ್ತದೆ. ಅಂದವೂ ಅದೇ, ಕಾವಲೂ ಅದೇ. ಬೆಳಿಗ್ಗೆ ಜೋಡಿಸುವಾಗ ಒಂದು ಎಣಿಕೆ, ರಾತ್ರಿ ಕಳಚುವಾಗ ಇನ್ನೊಂದು.

ಕಣ್ಣಿಗೆ ಕಾಣದ್ದು

ದೀಪ, ಗಾಜು, ಮಖಮಲ್ಲು ಏನೆಲ್ಲ ತೋರಿಸಿದರೂ ಶುದ್ಧತೆಯನ್ನು ತೋರಿಸಲಾರವು. ಜಗಲಿ ಬಿಟ್ಟು ಶೋರೂಮಿಗೆ ಬಂದಾಗ ಗಿರಾಕಿ ಕಳೆದುಕೊಂಡದ್ದು ಇದನ್ನೇ: ಕರಗಿಸುವುದನ್ನು ನೋಡುವ ಹಕ್ಕು. ಆ ಜಾಗದಲ್ಲಿ ಬಂದದ್ದು ಹಾಲ್‌ಮಾರ್ಕ್. ಭಾರತೀಯ ಮಾನಕ ಬ್ಯೂರೋ 2000ದಲ್ಲಿ ಆರಂಭಿಸಿದ ಈ ವ್ಯವಸ್ಥೆ ಬಹುಕಾಲ ಐಚ್ಛಿಕವಾಗಿತ್ತು. 2021ರ ಜೂನ್ 16ರಿಂದ ಹಂತಹಂತವಾಗಿ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಆರು ಅಕ್ಷರ ಅಂಕಿಗಳ ಗುರುತು ಸಂಖ್ಯೆ ಇರುವ ಹಾಲ್‌ಮಾರ್ಕ್ ಮಾತ್ರ ಊರ್ಜಿತ. ಬ್ಯೂರೋದ ಚಿಹ್ನೆ, ಶುದ್ಧತೆ (22 ಕ್ಯಾರೆಟ್‌ಗೆ 916, ಅಂದರೆ ಸಾವಿರದಲ್ಲಿ 916 ಭಾಗ ಚಿನ್ನ), ಗುರುತು ಸಂಖ್ಯೆ ಈ ಮೂರೂ ಒಡವೆಯ ಮೇಲಿರಬೇಕು. ಸಂಖ್ಯೆಯನ್ನು ಬ್ಯೂರೋದ ಮೊಬೈಲ್ ಆ್ಯಪ್‌ನಲ್ಲಿ ಹಾಕಿ ಪರಿಶೀಲಿಸಬಹುದು. ಮುದ್ರೆ ಎಷ್ಟು ಚಿಕ್ಕದೆಂದರೆ ಬರಿಗಣ್ಣಿಗೆ ಗೀರಿನಂತೆ ಕಾಣುತ್ತದೆ. ಅದಕ್ಕಾಗಿ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಅಂಗಡಿಯಲ್ಲಿ ಇರಬೇಕೆಂಬ ನಿಯಮವಿದೆ. ಕೇಳಿದರೆ ಕೊಡುತ್ತಾರೆ, ಕೇಳುವವರು ಕಡಿಮೆ.

ಕೂಲಿ, ಸವಕಳಿಯ ಲೆಕ್ಕವೂ ಗಾಜಿನ ಹಿಂದೆ ಕಾಣಿಸದು. ಗೋಡೆಯ ಫಲಕದಲ್ಲಿ ಹೊಳೆಯುವುದು ಅಂದಿನ ಗ್ರಾಮ್ ದರ ಮಾತ್ರ. ಹರಳು ಕೂಡಿಸಿದ ಒಡವೆಯಲ್ಲಿ ಹರಳಿನ ತೂಕ ಕಳೆದು ಚಿನ್ನದ ನಿವ್ವಳ ತೂಕವೆಷ್ಟು ಎಂಬುದು ದಾರದಲ್ಲಿ ಕಟ್ಟಿದ ಪುಟ್ಟ ಚೀಟಿಯಲ್ಲಿರುತ್ತದೆ, ಬಿಲ್ಲಿನಲ್ಲೂ ಇರಬೇಕು. ಕಿಟಕಿಯಲ್ಲಿ ಮಾತ್ರ ಆ ಚೀಟಿ ಯಾವಾಗಲೂ ಕತ್ತಿನ ಹಿಂಬದಿಗೆ ತಿರುಗಿರುತ್ತದೆ.

ಈಚೆಗೆ ಅನೇಕ ಮಳಿಗೆಗಳಲ್ಲಿ ಒಂದು ಹೊಸ ಪೆಟ್ಟಿಗೆ ಕಾಣಿಸಿಕೊಂಡಿದೆ. ಜನ ಅದನ್ನು ಕ್ಯಾರೆಟ್ ಮೀಟರ್ ಎನ್ನುತ್ತಾರೆ. ಒಡವೆಯನ್ನು ಒಳಗಿಟ್ಟು ಮುಚ್ಚಿದರೆ ಕ್ಷಕಿರಣ ಹಾಯಿಸಿ ಚಿನ್ನವೆಷ್ಟು, ಬೆಳ್ಳಿಯೆಷ್ಟು, ತಾಮ್ರವೆಷ್ಟು ಎಂದು ಕ್ಷಣಾರ್ಧದಲ್ಲಿ ಹೇಳುತ್ತದೆ. ಅದು ನೋಡುವುದು ಮೇಲಿನ ತೆಳು ಪದರವನ್ನಷ್ಟೇ, ಒಳಗಿನದನ್ನಲ್ಲ ಎಂಬುದು ಬೇರೆ ಮಾತು. ಅದನ್ನು ಇಡುವ ಜಾಗ ಗಮನಿಸಿ. ಕೌಂಟರಿನ ಹಿಂದಲ್ಲ, ಒಳಕೋಣೆಯಲ್ಲೂ ಅಲ್ಲ. ಎಲ್ಲರಿಗೂ ಕಾಣುವಂತೆ, ಪರದೆಯನ್ನು ಗಿರಾಕಿಯ ಕಡೆಗೆ ತಿರುಗಿಸಿ, ಎದುರಿಗೆ ಎರಡು ಕುರ್ಚಿ ಹಾಕಿ ಇಟ್ಟಿರುತ್ತಾರೆ. ಅಜ್ಜಿಯ ಹಳೆಯ ಅಡ್ಡಿಗೆಯನ್ನು ಬದಲಿಗೆ ಕೊಡಲು ತಂದವರು ಆ ಕುರ್ಚಿಯಲ್ಲಿ ಕುಳಿತು, ಅಂಕಿ ಮೂಡುವವರೆಗೆ ಕಣ್ಣು ಮಿಟುಕಿಸದೆ ನೋಡುತ್ತಿರುತ್ತಾರೆ.